ಅಡ್ಡಮುಖದ ಎಕ್ಸ್‌ರೇಗೆ ಆಳ ಬಂದ ಕಥೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಮಕ್ಕಳ ಹಲ್ಲಿಗೆ ತಂತಿ ಹಾಕಿಸಲು ಸಾಮಾನ್ಯವಾಗಿ ಹಿಡಿಯುವುದು ವಿಜಯಪುರದ ಬಸ್ಸು. ಅಲ್-ಅಮೀನ್ ದಂತ ವೈದ್ಯಕೀಯ ಕಾಲೇಜು ಇರುವುದು ಅಲ್ಲಿಯೇ. ತಂತಿಗೆ ಮೊದಲು ಅಡ್ಡಮುಖದ ಎಕ್ಸ್‌ರೇ ಆಗುತ್ತದೆ. ‘ಅದ್ಯಾಕ್ರೀ, ತ್ರೀ-ಡಿ ಸ್ಕ್ಯಾನೇ ಮಾಡಿಸೋಣಲ್ಲ?’ ಎಂದು ಹೆತ್ತವರೇ ಕೇಳುವ ಕಾಲವಿದು. ಹೊಸದು ಬಂತೆಂದರೆ ಹಳೆಯದು ಕೆಲಸಕ್ಕೆ ಬಾರದು ಎಂಬ ಈ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ.

ರಾಂಟ್ಜನ್ ಎಕ್ಸ್ ಕಿರಣ ಕಂಡದ್ದು 1895ರಲ್ಲಿ. ಆದರೆ ಪ್ರತಿ ಸಲ ತಲೆ ಒಂದಿಷ್ಟು ವಾಲಿದರೂ ಈ ವರ್ಷದ ಚಿತ್ರಕ್ಕೂ ಮುಂದಿನ ವರ್ಷದ್ದಕ್ಕೂ ತಾಳೆಯಾಗುತ್ತಿರಲಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಹಾಲಿ ಬ್ರಾಡ್‌ಬೆಂಟ್, ಒಣ ಬುರುಡೆಗಳನ್ನು ಅಳೆಯುವ ಚೌಕಟ್ಟನ್ನೇ ತಿದ್ದಿ, ಎರಡೂ ಕಿವಿಗೆ ಕಡ್ಡಿ ಕೊಟ್ಟು ಮಗುವಿನ ತಲೆ ನಿಲ್ಲಿಸುವ ಯಂತ್ರ ಮಾಡಿದ. ಅದನ್ನು ಪ್ರಕಟಿಸಿದ್ದು 1931ರಲ್ಲಿ. ಅದೇ ವರ್ಷ ಜರ್ಮನಿಯ ಹೋಫ್ರಾತ್ ಕೂಡ ತನ್ನದೇ ದಾರಿಯಲ್ಲಿ ಇಂಥದ್ದನ್ನೇ ಪ್ರಕಟಿಸಿದ. ಸೋಜಿಗವೆಂದರೆ ಬ್ರಾಡ್‌ಬೆಂಟ್ ಇಟ್ಟಿದ್ದು ಎರಡು ಎಕ್ಸ್‌ರೇ ಕೊಳವೆ: ಒಂದು ಪಕ್ಕದ ಚಿತ್ರಕ್ಕೆ, ಒಂದು ಎದುರಿನ ಚಿತ್ರಕ್ಕೆ. ಮುಖದ ಅಗಲ ಅವನ ಲೆಕ್ಕದಲ್ಲಿತ್ತು. ಆಮೇಲಿನವರು ಪಕ್ಕದ ಚಿತ್ರವನ್ನೇ ನೆಚ್ಚಿಕೊಂಡರು.

ಈ ಪಕ್ಕದ ಚಿತ್ರದ ಮೇಲೆ 1948ರಲ್ಲಿ ದಂತವೈದ್ಯ ಡೌನ್ಸ್ ‘ಸರಿಯಾದ ಮುಖ’ದ ಕೋನಗಳನ್ನು ಲೆಕ್ಕ ಹಾಕಿದ್ದು ಕೇವಲ 20 ಬಿಳಿಯ ಹುಡುಗ ಹುಡುಗಿಯರಿಂದ. 1953ರಲ್ಲಿ ಇನ್ನೊಬ್ಬ ದಂತವೈದ್ಯ ಸ್ಟೈನರ್ ಮೇಲ್ದವಡೆಗೆ 82 ಡಿಗ್ರಿ, ಕೆಳದವಡೆಗೆ 80 ಎಂದ. ಅದೇ ಅಳತೆಗೋಲು ಹಿಡಿದು ಬಾಗೇವಾಡಿಯ ಹುಡುಗಿಯ ತುಟಿ ಉಬ್ಬಿದೆ ಎನ್ನುವುದು ಅನ್ಯಾಯವೇ. ಭಾರತದ ದಂತ ಕಾಲೇಜುಗಳು ನಮ್ಮ ಜನರ ಅಳತೆಗಳನ್ನು ಬೇರೆಯಾಗಿ ತೆಗೆದದ್ದು ಇದಕ್ಕಾಗಿ.

ಚಪ್ಪಟೆ ಚಿತ್ರದ ನಿಜವಾದ ಕೊರತೆ ಬೇರೆ. ಎಡ ಬಲ ದವಡೆಗಳು ಒಂದರ ಮೇಲೊಂದು ಬೀಳುತ್ತವೆ; ಫಿಲ್ಮಿನಿಂದ ದೂರವಿರುವ ಬದಿ ಕೊಂಚ ದೊಡ್ಡದಾಗಿ ಕಾಣುತ್ತದೆ. ಎರಡು ಗೆರೆಗಳ ನಡುವೆ ಪೆನ್ಸಿಲಿನಿಂದ ಮೂರನೆಯದನ್ನು ಎಳೆದು ವೈದ್ಯರು ಮುಂದೆ ಸಾಗುತ್ತಾರೆ. ಸಿ.ಟಿ. ಸ್ಕ್ಯಾನ್ 1971ರಲ್ಲೇ ಬಂದರೂ ಹಲ್ಲು ಸರಿಪಡಿಸುವ ಕೆಲಸಕ್ಕೆ ಅದರ ವಿಕಿರಣವೂ ಖರ್ಚೂ ಅತಿಯಾದವು. 1998ರಲ್ಲಿ ಇಟಲಿಯ ಮೊಜ್ಜೊ ತಂಡ, ಮರುವರ್ಷ ಜಪಾನಿನ ಅರಾಯ್ ತಂಡ ಶಂಕುವಿನಾಕಾರದ ಕಿರಣದ ಯಂತ್ರಗಳನ್ನು ವಿವರಿಸಿದವು. ಕಿರಣ ತಲೆಯ ಸುತ್ತ ಒಂದು ಸುತ್ತು ಹಾಕುತ್ತದೆ, ಮುಖದ ಮೂಳೆಯೆಲ್ಲ ಕಂಪ್ಯೂಟರಿನಲ್ಲಿ ತ್ರೀ-ಡಿಯಾಗಿ ಮೂಡುತ್ತದೆ.

ಮೂಳೆಯೊಳಗೇ ಉಳಿದ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ತಿನ್ನುತ್ತಿದೆಯೇ, ಮುಖ ಒಂದು ಬದಿಗೆ ಸೊಟ್ಟಗಿದೆಯೇ, ಸೀಳುತುಟಿಯ ಮಗುವಿನ ದವಡೆಗೆ ಎಷ್ಟು ಮೂಳೆ ತುಂಬಬೇಕು—ಇಲ್ಲಿ ತ್ರೀ-ಡಿಗೆ ಸಾಟಿಯಿಲ್ಲ. ಸಾಧಾರಣ ಉಬ್ಬುಹಲ್ಲಿಗೆ ಅಡ್ಡಮುಖದ ಚಿತ್ರ ಸಾಕು. ಅದರ ವಿಕಿರಣ ಸಾಮಾನ್ಯವಾಗಿ 10 ಮೈಕ್ರೊಸೀವರ್ಟ್‌ನೊಳಗೆ, ಹೆಚ್ಚುಕಡಿಮೆ ನಿಸರ್ಗದಿಂದ ದಿನವೊಂದಕ್ಕೆ ನಮಗೆ ತಗಲುವಷ್ಟು. ತ್ರೀ-ಡಿ ಸ್ಕ್ಯಾನಿನದು ಹತ್ತಾರು ಮೈಕ್ರೊಸೀವರ್ಟ್‌ನಿಂದ ನೂರಾರಕ್ಕೆ ಏರುತ್ತದೆ.

ಸ್ಕ್ಯಾನ್ ಬರೆದುಕೊಟ್ಟರೆ, ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂದು ಸಂಕೋಚವಿಲ್ಲದೆ ಕೇಳಿ. ಇಡೀ ಮುಖದ ಸ್ಕ್ಯಾನ್ ಈಗಾಗಲೇ ಆಗಿದ್ದರೆ ಅದರ ಸಿ.ಡಿ. ಒಯ್ಯಿರಿ. ಅಡ್ಡಮುಖದ ಚಿತ್ರವನ್ನು ಅದರಿಂದಲೇ ತೆಗೆಯಬಹುದು, ಮಗುವನ್ನು ಇನ್ನೊಮ್ಮೆ ಎಕ್ಸ್‌ರೇ ಮುಂದೆ ನಿಲ್ಲಿಸಬೇಕಿಲ್ಲ.