ಟಿಎಚ್‌ಎಕ್ಸ್ ಗುರುತಿಗೆ ಹೆಚ್ಚು ದುಡ್ಡು ಕೊಡಬೇಕಾ? ಮೊದಲು ಹಾಲ್ ಅಳೆಯೋಣ

ಇಂಜಿನಿಯರಿಂಗ್ ಸೀಟ್ ಸಿಕ್ಕಿದ ದಿನದಿಂದ ನಮ್ಮಲ್ಲಿ ಹೆಚ್ಚಿನವರಿಗೆ ಮನೆಯಲ್ಲಿ ಒಂದು ಹೊಸ ಕೆಲಸ ಬಂದಿದೆ. ಬ್ರಾಂಚ್ ಸಿವಿಲ್ ಆಗಲಿ, ಸಿಎಸ್ ಆಗಲಿ, ಕರೆಂಟಿನಲ್ಲಿ ನಡೆಯುವ ಏನನ್ನು ಕೊಳ್ಳುವುದಿದ್ದರೂ "ನೀನು ಇಂಜಿನಿಯರಿಂಗ್ ಅಲ್ವಾ, ಯಾವುದು ಒಳ್ಳೇದು ಹೇಳು ಮಾರಾಯ" ಅಂತ ಮಾವನೋ ದೊಡ್ಡಪ್ಪನೋ ಕೇಳ್ತಾರೆ. ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಹೊಸ ಮನೆ ಎದ್ದರೆ, ಆ ಮನೆಯ ಪಟ್ಟಿಯಲ್ಲಿ ಹೋಂ ಥಿಯೇಟರ್ ಕೂಡ ಇರ್ತದೆ. ಅಂಗಡಿಯಲ್ಲಿ ನೋಡಿದರೆ ಒಂದೇ ತರಹ ಕಾಣುವ ಎರಡು ರಿಸೀವರ್. ಒಂದರ ಮೇಲೆ ಟಿಎಚ್‌ಎಕ್ಸ್ ಅನ್ನುವ ಗುರುತು ಉಂಟು, ಬೆಲೆಯೂ ಹೆಚ್ಚು. ವ್ಯತ್ಯಾಸ ಇಪ್ಪತ್ತು–ಮೂವತ್ತು ಸಾವಿರ ಅಂತಿಟ್ಟುಕೊಳ್ಳಿ. ಅದು ನಮ್ಮ ಒಂದು ಸೆಮಿಸ್ಟರಿನ ಹಾಸ್ಟೆಲ್ ಖರ್ಚು. ನಾವು "ಅದೇ ತಗೊಳ್ಳಿ" ಅಂದರೆ ಅವರು ತಗೊಳ್ತಾರೆ. ಹಾಗಾಗಿ ಸುಮ್ಮನೆ ಹೇಳಿಬಿಡುವ ಬದಲು ಲೆಕ್ಕ ಹಾಕಿ ಹೇಳುವುದು ಒಳ್ಳೆಯದು.

ಗುರುತು ಯಾವುದು, ಅದು ಹೇಳುವುದೇನು

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮೂರಿನಲ್ಲಿ ಹೋಂ ಥಿಯೇಟರ್ ಅಂದರೆ ಹೆಚ್ಚಾಗಿ ಒಂದು ದೊಡ್ಡ ಡಬ್ಬ, ಐದು ಸಣ್ಣ ಸ್ಪೀಕರ್ ಇರುವ ಸೆಟ್. ಇಲ್ಲಿ ಹೇಳುತ್ತಿರುವುದು ಅದಲ್ಲ. ಎವಿ ರಿಸೀವರ್ ಅಂದರೆ ಟಿವಿ, ಸೆಟ್‌ಟಾಪ್ ಬಾಕ್ಸ್, ಗೇಮ್ ಕನ್ಸೋಲ್ ಎಲ್ಲ ಬಂದು ಸೇರುವ ಪೆಟ್ಟಿಗೆ. ಅದು ಧ್ವನಿಯನ್ನು ಡಿಕೋಡ್ ಮಾಡಿ, ಆಂಪ್ಲಿಫೈ ಮಾಡಿ, ನಾವು ಬೇರೆಯಾಗಿ ಕೊಂಡ ಸ್ಪೀಕರ್‌ಗಳಿಗೆ ಕಳಿಸುತ್ತದೆ.

ಈ ಪೆಟ್ಟಿಗೆಯ ಮೇಲೆ ಹಲವು ಚಿಹ್ನೆಗಳಿರುತ್ತವೆ, ಎಲ್ಲದರ ಅರ್ಥ ಒಂದೇ ಅಲ್ಲ. ಡಾಲ್ಬಿ ಅಟ್ಮಾಸ್, ಡಿಟಿಎಸ್ ಅಂತ ಇದ್ದರೆ ಆ ಫಾರ್ಮ್ಯಾಟ್‌ನ ಧ್ವನಿಯನ್ನು ಈ ಪೆಟ್ಟಿಗೆ ಬಿಡಿಸಿ ಓದಬಲ್ಲದು ಅಂತ ಮಾತ್ರ. ಬಿಐಎಸ್ ನೋಂದಣಿಯ ಗುರುತು ಸುರಕ್ಷತೆಗೆ ಸಂಬಂಧಿಸಿದ್ದು. ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು ಅನ್ನುವುದು ಅದರ ವಿಷಯ. ಟಿಎಚ್‌ಎಕ್ಸ್ ಇವೆರಡೂ ಅಲ್ಲ. ಅದು ಫಾರ್ಮ್ಯಾಟ್ ಅಲ್ಲ, ಪರೀಕ್ಷೆ ಪಾಸಾದ ಸರ್ಟಿಫಿಕೇಟ್.

ಇದರ ಹುಟ್ಟು 1983ರಲ್ಲಿ. ಜಾರ್ಜ್ ಲ್ಯೂಕಸ್ ಅವರ ಲ್ಯೂಕಸ್‌ಫಿಲ್ಮ್ ಕಂಪನಿ 'ರಿಟರ್ನ್ ಆಫ್ ದ ಜೆಡೈ' ಸಿನಿಮಾ ಬಿಡುಗಡೆಗೆ ತಯಾರಾಗುತ್ತಿದ್ದ ಕಾಲ. ಸ್ಟುಡಿಯೋದಲ್ಲಿ ಒಂದು ತರಹ ಕೇಳಿದ ಸಿನಿಮಾ ಬೇರೆ ಬೇರೆ ಥಿಯೇಟರ್‌ನಲ್ಲಿ ಬೇರೆ ಬೇರೆ ತರಹ ಕೇಳುತ್ತಿತ್ತು. ಅದನ್ನು ಸರಿ ಮಾಡಲು ಟಾಮ್ಲಿನ್ಸನ್ ಹೋಲ್ಮನ್ ಎಂಬ ಆಡಿಯೋ ಇಂಜಿನಿಯರ್ ಥಿಯೇಟರ್‌ಗಳಿಗೆ ಒಂದು ಮಾನದಂಡ ರೂಪಿಸಿದರು. ಮುಂದೆ 1990ರ ಸುಮಾರಿಗೆ ಅದೇ ಯೋಚನೆ ಮನೆಯ ಉಪಕರಣಗಳಿಗೂ ಬಂತು. 2016ರಲ್ಲಿ ಈ ಕಂಪನಿಯನ್ನು ಗೇಮಿಂಗ್ ಉಪಕರಣ ಮಾಡುವ ರೇಜರ್ ಕೊಂಡುಕೊಂಡಿತು.

ಮನೆಯ ಸರ್ಟಿಫಿಕೇಟ್‌ನಲ್ಲಿ ಮುಖ್ಯವಾದ ವಿಷಯ ಏನೆಂದರೆ, ಅದನ್ನು ಕೋಣೆಯ ಗಾತ್ರಕ್ಕೆ ಕಟ್ಟಿ ಕೊಡ್ತಾರೆ. ಸೆಲೆಕ್ಟ್ ಅನ್ನುವ ದರ್ಜೆ ಸುಮಾರು 2,000 ಘನ ಅಡಿಯ ಕೋಣೆಗೆ, ಪರದೆಯಿಂದ 10–12 ಅಡಿ ದೂರ ಕೂತು ನೋಡುವವರಿಗೆ. ಅಲ್ಟ್ರಾ ಅನ್ನುವುದು ಸುಮಾರು 3,000 ಘನ ಅಡಿಗೆ, 12 ಅಡಿಗಿಂತ ಹೆಚ್ಚು ದೂರಕ್ಕೆ. ಅಷ್ಟು ದೊಡ್ಡ ಕೋಣೆಯಲ್ಲಿ, ಅಷ್ಟು ದೂರದಲ್ಲಿ, ಸಿನಿಮಾ ಥಿಯೇಟರ್‌ನ ಮಟ್ಟದ ಜೋರು ಧ್ವನಿಯನ್ನು ಒಡೆಯದೆ, ಬಿಸಿಯಾಗಿ ಆಫ್ ಆಗದೆ ಕೊಡ್ತದಾ ಅಂತ ಪರೀಕ್ಷೆ.

ಚಿನ್ನದ 916 ಮುದ್ರೆಯನ್ನು ನೆನಪಿಸಿಕೊಳ್ಳಿ. ಸರದಲ್ಲಿ 91.6 ಶೇಕಡಾ ಚಿನ್ನ ಉಂಟು ಅಂತ ಅದು ಹೇಳ್ತದೆ. ಆ ಸರ ನಮಗೆ ಬೇಕಾ, ಮೇಕಿಂಗ್ ಚಾರ್ಜ್ ನ್ಯಾಯವಾ ಅಂತ ಹೇಳುವುದಿಲ್ಲ. ಟಿಎಚ್‌ಎಕ್ಸ್ ಕೂಡ ಹಾಗೆಯೇ.

ವ್ಯಾಟ್ ಲೆಕ್ಕ

ಸಿನಿಮಾದ ರೆಫರೆನ್ಸ್ ಮಟ್ಟ ಅಂದರೆ ಒಂದೊಂದು ಮುಖ್ಯ ಚಾನೆಲ್‌ನಿಂದಲೂ ಕೂತ ಜಾಗದಲ್ಲಿ 105 ಡೆಸಿಬಲ್ ತನಕ ಪೀಕ್ ಬರಬೇಕು. ನಮ್ಮ ಸ್ಪೀಕರ್‌ನ ಸೆನ್ಸಿಟಿವಿಟಿ 88 ಡೆಸಿಬಲ್ ಅಂತಿಟ್ಟುಕೊಳ್ಳಿ. ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88. ನಾವು ಕೂರುವುದು 3 ಮೀಟರ್, ಅಂದರೆ ಹತ್ತು ಅಡಿ ದೂರ. ದೂರಕ್ಕೆ ಸುಮಾರು 9.5 ಡೆಸಿಬಲ್ ಕಡಿಮೆ ಆಗ್ತದೆ. ಆಗ ಬೇಕಾದದ್ದು 105ರಿಂದ 88 ಕಳೆದು 9.5 ಕೂಡಿಸಿದರೆ 26.5 ಡೆಸಿಬಲ್. ಇದನ್ನು ವ್ಯಾಟ್‌ಗೆ ತಿರುಗಿಸಿದರೆ ಸುಮಾರು 450. ಇದು ಬಯಲಿನ ಲೆಕ್ಕ. ಕೋಣೆಯೊಳಗೆ ಗೋಡೆಯಿಂದ ಮರಳಿ ಬರುವ ಧ್ವನಿ ಸೇರುವುದರಿಂದ ನಿಜಕ್ಕೂ ಬೇಕಾಗುವುದು ಇದಕ್ಕಿಂತ ಕಡಿಮೆ. ಆದರೂ ದೊಡ್ಡ ಸಂಖ್ಯೆಯೇ.

ಆದರೆ ಮನೆಯಲ್ಲಿ ಆ ಮಟ್ಟದಲ್ಲಿ ಯಾರು ಕೇಳ್ತಾರೆ? ಅಜ್ಜಿ ಪಕ್ಕದ ಕೋಣೆಯಲ್ಲಿ ಮಲಗಿರ್ತಾರೆ. 10 ಡೆಸಿಬಲ್ ಇಳಿಸಿದರೆ 450 ವ್ಯಾಟ್ ಇದ್ದದ್ದು 45 ಆಗ್ತದೆ. 20 ಇಳಿಸಿದರೆ ನಾಲ್ಕೂವರೆ ವ್ಯಾಟ್ ಸಾಕು! ಅದೂ ಪೀಕ್‌ಗೆ. ಲಾಗರಿದಮ್‌ನ ಆಟ ಇದು. ವಾಲ್ಯೂಮ್ ಸ್ವಲ್ಪ ಇಳಿದಂತೆ ಕಂಡರೂ ಪವರ್ ಹತ್ತು ಪಟ್ಟು ಇಳಿಯುತ್ತದೆ.

ಅದೇ ಕಾರಣಕ್ಕೆ 100 ವ್ಯಾಟ್‌ನ ರಿಸೀವರ್ ಬಿಟ್ಟು 130 ವ್ಯಾಟ್‌ನದ್ದು ತಗೊಂಡರೆ ಸಿಗುವುದು ಬರೀ 1.1 ಡೆಸಿಬಲ್. ಕಿವಿಗೆ ಗೊತ್ತಾಗುವುದೇ ಕಷ್ಟ. ಆದರೆ 88ರ ಬದಲು 91 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ ತಗೊಂಡರೆ ಆಂಪ್ಲಿಫೈಯರ್‌ನ ಪವರ್ ಡಬಲ್ ಮಾಡಿದಷ್ಟೇ ಲಾಭ. ಇನ್ನೊಂದು ಉಪಾಯವನ್ನು ಟಿಎಚ್‌ಎಕ್ಸ್‌ನವರೇ ಜನಪ್ರಿಯ ಮಾಡಿದ್ದು. 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ಸಬ್‌ವೂಫರ್‌ಗೆ ಕಳಿಸುವುದು. ಸಬ್‌ವೂಫರ್‌ಗೆ ತನ್ನದೇ ಆಂಪ್ಲಿಫೈಯರ್ ಇದ್ದರೆ ರಿಸೀವರ್‌ನ ಭಾರ ಇಳಿಯುತ್ತದೆ. ಈ ಸೆಟ್ಟಿಂಗ್ ಈಗ ಗುರುತು ಇಲ್ಲದ ರಿಸೀವರ್‌ಗಳಲ್ಲಿಯೂ ಉಂಟು. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಹಾಗಾದರೆ ಗುರುತು ಇಲ್ಲದ್ದು ಕಳಪೆಯಾ? ಅಲ್ಲ. ಪರೀಕ್ಷೆಗೂ ಲೈಸೆನ್ಸ್‌ಗೂ ತಯಾರಕರು ದುಡ್ಡು ಕೊಡಬೇಕು. ಹಿಂದೆ ಡೆನಾನ್, ಯಮಾಹಾ ಕಂಪನಿಗಳ ದೊಡ್ಡ ಮಾಡೆಲ್‌ಗಳಲ್ಲಿ ಟಿಎಚ್‌ಎಕ್ಸ್ ಇತ್ತು. ಈಗ ಅವರ ಸಾಮಾನ್ಯ ರಿಸೀವರ್‌ಗಳಲ್ಲಿ ಕಾಣುವುದಿಲ್ಲ. ಆಂಕ್ಯೋ ಕಂಪನಿಯ ಟಿಎಕ್ಸ್-ಎನ್‌ಆರ್6100ನಂಥ ಮಾಡೆಲ್‌ನಲ್ಲಿ ಸೆಲೆಕ್ಟ್ ದರ್ಜೆ ಉಂಟು. ಗುರುತು ಇದ್ದರೆ ಪಾಸ್ ಅಂತ ಗೊತ್ತಾಗ್ತದೆ, ಇಲ್ಲದಿದ್ದರೆ ಫೇಲ್ ಅಂತಲ್ಲ. ಪರೀಕ್ಷೆಗೆ ಕೂತಿಲ್ಲ ಅಂತ ಅಷ್ಟೇ.

ಪರೀಕ್ಷೆಗೆ ಕೂರದ್ದನ್ನು ನಾವೇ ಪರೀಕ್ಷೆ ಮಾಡಬೇಕು. ಸ್ಪೆಸಿಫಿಕೇಶನ್ ಪುಟದಲ್ಲಿ "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 0.08 ಶೇಕಡಾ ಡಿಸ್ಟಾರ್ಶನ್, ಎರಡು ಚಾನೆಲ್ ಒಟ್ಟಿಗೆ" ಅಂತ ಬರೆದಿದ್ದರೆ ಆ ವ್ಯಾಟ್ ನಂಬಬಹುದು. "1 ಕಿಲೋಹರ್ಟ್ಸ್, 10 ಶೇಕಡಾ ಡಿಸ್ಟಾರ್ಶನ್, ಒಂದೇ ಚಾನೆಲ್" ಅಂತಿದ್ದರೆ ಸಂಖ್ಯೆ ಉಬ್ಬಿಸಿದ್ದು. ಪಿಎಂಪಿಒ 5000 ವ್ಯಾಟ್ ಅಂತ ಕಂಡರೆ ನಗಬಹುದು. ಮನೆಯ 6 ಆಂಪಿಯರ್ ಪ್ಲಗ್‌ನಿಂದ 230 ವೋಲ್ಟ್‌ನಲ್ಲಿ ಬರುವುದೇ 1380 ವ್ಯಾಟ್.

ನಮ್ಮ ಮನೆಗಳ ನಿಜವಾದ ಸಮಸ್ಯೆ

ಈಗ ಟೇಪ್ ಹಿಡಿದು ಹಾಲ್‌ಗೆ ಬರೋಣ. 16 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಅಂದರೆ 2,240 ಘನ ಅಡಿ. ಸೆಲೆಕ್ಟ್ ದರ್ಜೆಯ ಹತ್ತಿರ. ಆದರೆ ಹೊಸ ಮನೆಯ ಈ ಹಾಲ್‌ನಲ್ಲಿ ಕೆಳಗೆ ಟೈಲ್ಸ್, ಮೇಲೆ ಕಾಂಕ್ರೀಟ್, ಸುತ್ತ ಪ್ಲಾಸ್ಟರ್ ಮಾಡಿದ ಗೋಡೆ. ಚಪ್ಪಾಳೆ ತಟ್ಟಿದರೆ ಕೋಣೆ ಮಾತಾಡ್ತದೆ.

ಹಾರ್ವರ್ಡ್‌ನ ವ್ಯಾಲೇಸ್ ಸೇಬಿನ್ ಎಂಬ ಭೌತಶಾಸ್ತ್ರಜ್ಞ ನೂರಕ್ಕೂ ಹೆಚ್ಚು ವರ್ಷ ಹಿಂದೆ ಕೊಟ್ಟ ಸೂತ್ರ ಇಲ್ಲಿ ಉಪಯೋಗಕ್ಕೆ ಬರ್ತದೆ. ಧ್ವನಿ ನಿಂತ ಮೇಲೆ 60 ಡೆಸಿಬಲ್ ಇಳಿಯಲು ಬೇಕಾದ ಸಮಯ ಅಂದರೆ, ಘನ ಅಡಿಯನ್ನು 0.049ರಿಂದ ಗುಣಿಸಿ, ಕೋಣೆ ಹೀರುವ ಒಟ್ಟು ಪ್ರಮಾಣದಿಂದ ಭಾಗಿಸಬೇಕು. ನಮ್ಮ ಹಾಲ್‌ನ ನೆಲ, ಮಾಡು, ಗೋಡೆ ಎಲ್ಲ ಸೇರಿ 1,048 ಚದರ ಅಡಿ. ಖಾಲಿ ಇರುವಾಗ ಸರಾಸರಿ 5 ಶೇಕಡಾ ಹೀರುತ್ತದೆ ಅಂತಿಟ್ಟರೆ ಸುಮಾರು 52. ಉತ್ತರ 2.1 ಸೆಕೆಂಡ್. ದಪ್ಪ ಕರ್ಟನ್, ನೆಲಕ್ಕೆ ಕಾರ್ಪೆಟ್, ಬಟ್ಟೆಯ ಸೋಫಾ, ಪುಸ್ತಕದ ಶೆಲ್ಫ್ ಸೇರಿ ಆ 52 ಅನ್ನು 150ಕ್ಕೆ ಏರಿಸಿದರೆ ಸಮಯ 0.73 ಸೆಕೆಂಡ್‌ಗೆ ಇಳಿಯುತ್ತದೆ.

ಇದು ಯಾಕೆ ಮುಖ್ಯ? ನಮ್ಮ ಮನೆಗಳಲ್ಲಿ ನಿಜವಾಗಿ ಏನು ಕೇಳ್ತಾರೆ ಅಂತ ನೋಡಿ. ವಾರಕ್ಕೊಂದು ಸಿನಿಮಾ, ದಿನಾ ನ್ಯೂಸ್, ಸೀರಿಯಲ್, ಕ್ರಿಕೆಟ್, ಮತ್ತೆ ರಾತ್ರಿ ಯೂಟ್ಯೂಬ್‌ನಲ್ಲಿ ಯಕ್ಷಗಾನ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದೇ ಭಾಗವತರ ಹಾಡು, ಹಿಮ್ಮೇಳ, ಅರ್ಥಧಾರಿಗಳ ಮಾತು. ಎರಡು ಸೆಕೆಂಡ್ ಉಳಿಯುವ ಹಾಲ್‌ನಲ್ಲಿ ಚೆಂಡೆಯ ಒಂದು ಪೆಟ್ಟು ಮುಗಿಯುವ ಮೊದಲೇ ಹತ್ತು ಪೆಟ್ಟು ಬಂದಿರ್ತದೆ. ಅರ್ಥ ಹೇಳುವವರ ಒಂದು ಶಬ್ದದ ಮೇಲೆ ಇನ್ನೊಂದು ಶಬ್ದ ಬಿದ್ದು ಮಾತೇ ತಿಳಿಯುವುದಿಲ್ಲ. ತಿಳಿಯದಾಗ ನಾವು ವಾಲ್ಯೂಮ್ ಏರಿಸ್ತೇವೆ, ಪ್ರತಿಧ್ವನಿಯೂ ಜೊತೆಗೆ ಏರ್ತದೆ. ಇದನ್ನು ಯಾವ ಸರ್ಟಿಫಿಕೇಟ್ ಕೂಡ ಸರಿ ಮಾಡುವುದಿಲ್ಲ, ಕರ್ಟನ್ ಮಾಡ್ತದೆ. ಹಳೆಯ ಹಂಚಿನ ಮನೆಯ ಮರದ ಮುಚ್ಚಿಗೆಯ ಕೋಣೆಯಲ್ಲಿ ಸಣ್ಣ ರೇಡಿಯೋ ಕೂಡ ಸ್ಪಷ್ಟವಾಗಿ ಕೇಳುವುದಕ್ಕೆ ಒಂದು ಕಾರಣ ಇದೇ. ಮೇಲಾಗಿ ಯೂಟ್ಯೂಬ್‌ನ ಯಕ್ಷಗಾನ ವಿಡಿಯೋದಲ್ಲಿ ಇರುವುದು ಸಾಮಾನ್ಯವಾಗಿ ಎರಡೇ ಚಾನೆಲ್. ಅದಕ್ಕೆ ಬೇಕಾದದ್ದು ಎದುರಿನ ಎರಡು ಒಳ್ಳೆಯ ಸ್ಪೀಕರ್.

ಎರಡನೆಯ ಸಮಸ್ಯೆ ಕರೆಂಟ್. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತು ಎಲ್ಲರ ಪಂಪೂ ಓಡ್ತದೆ, ಲೈನಿನ ಕೊನೆಯ ಮನೆಯಲ್ಲಿ ಬಲ್ಬ್ ಮಂಕಾಗ್ತದೆ. 230 ಇರಬೇಕಾದದ್ದು 180 ವೋಲ್ಟ್‌ಗೆ ಇಳಿಯಿತು ಅಂತಿಟ್ಟುಕೊಳ್ಳಿ. ಹೆಚ್ಚಿನ ರಿಸೀವರ್‌ಗಳಲ್ಲಿ ಇರುವುದು ಸಾದಾ ಟ್ರಾನ್ಸ್‌ಫಾರ್ಮರ್‌ನ ಪವರ್ ಸಪ್ಲೈ. ಒಳಗಿನ ವೋಲ್ಟೇಜ್ ಕೂಡ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಪವರ್ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾದ್ದರಿಂದ 100 ವ್ಯಾಟ್‌ನ ಪೆಟ್ಟಿಗೆ ಸುಮಾರು 61 ವ್ಯಾಟ್ ಕೊಡ್ತದೆ. 130ರದ್ದಾದರೆ 80ರ ಹತ್ತಿರ. ಅಂದರೆ ಹೆಚ್ಚು ಕೊಟ್ಟು ತಂದ ವ್ಯಾಟ್ ಲೈನಿನಲ್ಲೇ ಹೋಯಿತು. ಪತ್ತನಾಜೆಗೆ ಮುಂಚಿನ ಸಿಡಿಲಿನ ವಿಷಯ ಬೇರೆ ಹೇಳಬೇಕಾಗಿಲ್ಲ. ಸ್ಟೆಬಿಲೈಸರ್, ಸರಿಯಾದ ಅರ್ಥಿಂಗ್, ಸಿಡಿಲು ಬರುವಾಗ ಪ್ಲಗ್ ಜೊತೆ ಡಿಶ್ ಮತ್ತು ಇಂಟರ್‌ನೆಟ್ ವಯರನ್ನೂ ತೆಗೆಯುವ ಅಭ್ಯಾಸ, ಇವು ಯಾವ ದರ್ಜೆಯ ರಿಸೀವರ್‌ಗೂ ಬೇಕು.

ಮೂರನೆಯದು, ಧ್ವನಿಯ ಸರ್ಟಿಫಿಕೇಟ್ ವಿಡಿಯೋದ ಗ್ಯಾರಂಟಿ ಅಲ್ಲ. 2020ರ ಕೊನೆಗೆ ಎಚ್‌ಡಿಎಂಐ 2.1 ಇದ್ದ ಕೆಲವು ಹೊಸ ರಿಸೀವರ್‌ಗಳಿಗೆ ಹೊಸ ಎಕ್ಸ್‌ಬಾಕ್ಸ್ ಜೋಡಿಸಿ 4ಕೆ, 120 ಹರ್ಟ್ಸ್ ಹಾಕಿದರೆ ಪರದೆಯೇ ಕಪ್ಪಾಗುತ್ತಿತ್ತು. ತೊಂದರೆ ಇದ್ದದ್ದು ಎಚ್‌ಡಿಎಂಐ ಚಿಪ್‌ನಲ್ಲಿ. ಗೇಮ್ ಆಡುವವರು ಇದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಹಾಗಾದರೆ ಯಾರಿಗೆ ಬೇಕು?

ಬೇಡವೇ ಬೇಡ ಅಂತ ಹೇಳುವುದಿಲ್ಲ. ಹಾಲ್, ಊಟದ ಜಾಗ, ಮಹಡಿಯ ಮೆಟ್ಟಿಲು ಎಲ್ಲ ಒಂದೇ ಬಯಲಾಗಿದ್ದು 3,000 ಘನ ಅಡಿ ದಾಟಿದರೆ, ಸ್ಪೀಕರ್ 4 ಓಮ್‌ನದ್ದಾಗಿದ್ದರೆ ಅಥವಾ ಸೆನ್ಸಿಟಿವಿಟಿ 85ರ ಹತ್ತಿರ ಇದ್ದರೆ, ಮನೆಯವರು ನಿಜವಾಗಿ ಥಿಯೇಟರ್‌ನಷ್ಟೇ ಜೋರಾಗಿ ಕೇಳುವವರಾದರೆ, ಆ ಹಾಲ್‌ಗೆ ತಕ್ಕ ದರ್ಜೆಯ ಗುರುತಿಗೆ ದುಡ್ಡು ಕೊಡುವುದರಲ್ಲಿ ಅರ್ಥ ಉಂಟು. ಅಂಥಲ್ಲಿ ರಿಸೀವರ್ ಭಾರ ತಡೆಯುತ್ತದೆ ಅಂತ ಬೇರೆಯವರು ಅಳೆದು ಹೇಳಿದ್ದಾರೆ ಅನ್ನುವುದೇ ಲಾಭ. ಎರಡರ ಬೆಲೆಯಲ್ಲಿ ಐದಾರು ಸಾವಿರ ಮಾತ್ರ ವ್ಯತ್ಯಾಸ ಇದ್ದು, ಬೇರೆಲ್ಲ ಸಮ ಇದ್ದರೂ ಗುರುತು ಇರುವುದನ್ನೇ ತಗೊಳ್ಳಬಹುದು.

ಉಳಿದವರಿಗೆ, ಅಂದರೆ 2,500 ಘನ ಅಡಿಯೊಳಗಿನ ಹಾಲ್, 88ಕ್ಕಿಂತ ಹೆಚ್ಚಿನ ಸ್ಪೀಕರ್, ಅಜ್ಜಿ ಇರುವ ಮನೆಗೆ, ಆ ಮೂವತ್ತು ಸಾವಿರ ಬೇರೆ ಕಡೆ ಹೆಚ್ಚು ಕೆಲಸ ಮಾಡ್ತದೆ. ನಾವು ಹಾಕುವ ಕ್ರಮ ಹೀಗೆ: ಮೊದಲು ಕರ್ಟನ್ ಮತ್ತು ಕಾರ್ಪೆಟ್, ನಂತರ ಸ್ಟೆಬಿಲೈಸರ್, ಅರ್ಥಿಂಗ್, ಉಳಿದದ್ದೆಲ್ಲ ಎದುರಿನ ಸ್ಪೀಕರ್‌ಗಳಿಗೆ ಮತ್ತು ಸಬ್‌ವೂಫರ್‌ಗೆ. ಸರ್ವಿಸ್ ಎಲ್ಲಿ ಸಿಗ್ತದೆ ಅಂತಲೂ ಕೇಳಿ. ಕೆಟ್ಟರೆ ಹತ್ತು ಕಿಲೋ ಭಾರದ ಪೆಟ್ಟಿಗೆ ಹೊತ್ತು ಪುತ್ತೂರಿನಿಂದ ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೋ, ಅದಕ್ಕೂ ಆಚೆಗೋ ಹೋಗಬೇಕಾಗಬಹುದು. ವಾರಂಟಿ ಭಾರತದ್ದೇ ಆಗಿರಬೇಕು.

ಮುಂದಿನ ಸಲ ಮನೆಯಿಂದ ಫೋನ್ ಬಂದರೆ ಮಾಡೆಲ್ ನಂಬರ್ ಹೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಹಾಲ್ ಎಷ್ಟು ಘನ ಅಡಿ? ಟಿವಿಯಿಂದ ಎಷ್ಟು ದೂರ ಕೂರ್ತೀರಿ? ಚಪ್ಪಾಳೆ ತಟ್ಟಿದರೆ ಹೇಗೆ ಕೇಳ್ತದೆ? ಸಂಜೆ ವೋಲ್ಟೇಜ್ ಎಷ್ಟು ಇರ್ತದೆ? ಈ ನಾಲ್ಕಕ್ಕೆ ಉತ್ತರ ಸಿಕ್ಕಿದ ಮೇಲೆ ರಿಸೀವರ್ ಆರಿಸುವುದು ಹತ್ತು ನಿಮಿಷದ ಕೆಲಸ.