ಒಬ್ಬರೇ ನೌಕರರು, ಹಲವು ಯೋಜನೆಗಳು

ಇಂದಿನ ಕಚೇರಿಗಳಲ್ಲಿ ನಮ್ಮ ಮಕ್ಕಳು ಅನೇಕರು ಏಕಕಾಲದಲ್ಲಿ ಎರಡು ಮೂರು ಯೋಜನೆಗಳಿಗೆ ನಿಯುಕ್ತರಾಗಿ, ರಾತ್ರಿ ಬಹಳ ಹೊತ್ತಾದ ಮೇಲೆ ಮನೆ ಸೇರುವರು. ಇದರ ಮೂಲವು ಕೆಲವು ವೇಳೆ ಕೆಲಸ ಹಂಚಿದ ಲೆಕ್ಕದಲ್ಲಿ ಅಡಗಿರುವುದುಂಟು.

ಶಾಲೆಯ ವೇಳಾಪಟ್ಟಿಯನ್ನು ಬರೆದವರಿಗೆ ಇದು ಹೊಸದಲ್ಲ. ತರಗತಿಗೊಂದು ಪಟ್ಟಿಯನ್ನು ಪ್ರತ್ಯೇಕವಾಗಿ ಬರೆದರೆ, ಒಬ್ಬರೇ ಉಪಾಧ್ಯಾಯರು ಒಂದೇ ಗಂಟೆಗೆ ಎರಡು ಕೊಠಡಿಗಳಲ್ಲಿ ಪಾಠ ಹೇಳಬೇಕಾಗಿ ಬರುವುದು. ಆದರೂ ಪಟ್ಟಿಗಳೆರಡೂ ನಿರ್ದುಷ್ಟವಾಗಿಯೇ ತೋರುವುವು.

1984ರಲ್ಲಿ ಮೊದಲು ಹೊರಬಂದ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಉಪಾಯವಿದೆ. ನೌಕರರೆಲ್ಲರ ಹೆಸರುಗಳನ್ನೂ ರಜಾದಿನಗಳನ್ನೂ ರಿಸೋರ್ಸ್ ಪೂಲ್ ಎಂಬ ಒಂದೇ ಕಡತದಲ್ಲಿಟ್ಟು, ಯೋಜನೆಗಳನ್ನೆಲ್ಲ ಅದಕ್ಕೆ ಜೋಡಿಸತಕ್ಕದ್ದು. ಪೂರ್ಣಕಾಲದ ನೌಕರರೊಬ್ಬರ ಶಕ್ತಿಯು ಶೇಕಡ 100. ಅದೇ ದಿನಗಳಲ್ಲಿ ಒಂದು ಯೋಜನೆಯು 60ನ್ನೂ ಮತ್ತೊಂದು 70ನ್ನೂ ಬೇಡಿದರೆ, ಹೆಸರು ಕೆಂಪಕ್ಷರದಲ್ಲಿ ಕಾಣಿಸುವುದು. ಆ ಹೆಚ್ಚಿನ 30 ಸಲ್ಲುವುದು ಮನೆಯ ಊಟದ ಹೊತ್ತಿನಿಂದಲೇ ಎಂಬುದನ್ನು ಗೃಹಿಣಿಯರು ಚೆನ್ನಾಗಿ ಬಲ್ಲರು.

ಲೆವೆಲಿಂಗ್ ಎಂಬ ಆಜ್ಞೆಯನ್ನು ಕೊಟ್ಟರೆ ತಂತ್ರಾಂಶವು ಕೆಲವು ಕಾರ್ಯಗಳನ್ನು ಮುಂದಿನ ದಿನಗಳಿಗೆ ತಳ್ಳುವುದು. ಸೊನ್ನೆಯಿಂದ 1000ದವರೆಗೆ ಆದ್ಯತೆಯ ಅಂಕಗಳುಂಟು. 1000 ಪಡೆದ ಕಾರ್ಯವನ್ನು ಅದು ಕದಲಿಸದು. ಅಂಕವನ್ನು ಕೊಡುವವರಾದರೋ ಮನುಷ್ಯರು. ಪ್ರತಿಯೊಬ್ಬ ಅಧಿಕಾರಿಯೂ ತನ್ನ ಕಾರ್ಯಗಳಿಗೆಲ್ಲ 1000 ಎಂದೇ ಬರೆದರೆ ತಳ್ಳತಕ್ಕದ್ದು ಯಾವುದೂ ಉಳಿಯದು. ಕೆಂಪಕ್ಷರವು ಹಾಗೆಯೇ ನಿಲ್ಲುವುದು. ಆದುದರಿಂದ ಈ ಅಂಕಗಳನ್ನು ಯೋಜನೆಗಳೆಲ್ಲಕ್ಕೂ ಮೇಲಿರುವ ಒಬ್ಬರೇ ನಿರ್ಣಯಿಸಿ, ಯಾವ ಕೆಲಸವು ಎಂದಿನವರೆಗೆ ತಡೆಯಬೇಕೆಂಬುದನ್ನು ನೌಕರರಿಗೆ ಮೊದಲೇ ತಿಳಿಸತಕ್ಕದ್ದು.