ಅಮ್ಮನ ಕಣ್ಣು ಮತ್ತು ಫೋನಿನ ಕಾರ್ಯಪಟ್ಟಿ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬ್ಯಾಂಕಿನ ಅಧಿಕಾರಿಯೊಬ್ಬನು ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ನಾನು ಓದಿದುದು ವಾಣಿಜ್ಯ. ವೈದ್ಯಶಾಸ್ತ್ರದಲ್ಲಿ ನನ್ನ ಪ್ರವೇಶವು ಔಷಧದಂಗಡಿಯ ಬಿಲ್ಲನ್ನು ಕೂಡಿ ನೋಡುವಷ್ಟಕ್ಕೇ ಸೀಮಿತ. ಆದರೂ ಸಂಪಾದಕ ಮಿತ್ರರು ಕೇಳಿದಾಗ ಒಪ್ಪಿಕೊಂಡೆನು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮರೆವಿನ ದೆಸೆಯಿಂದ ನನ್ನ ತಾಯಿಯವರು ಎಡಗಣ್ಣಿನ ದೃಷ್ಟಿಯ ಒಂದು ಪಾಲನ್ನು ಕಳೆದುಕೊಂಡಿದ್ದಾರೆ.

ತಂದೆಯವರು ತೀರಿಕೊಂಡ ಮೇಲೆ ಅಮ್ಮ ಕುಂದಾಪುರದ ಸಮೀಪದ ಹಳ್ಳಿಯಿಂದ ನಮ್ಮ ಡೊಂಬಿವಲಿಯ ಮನೆಗೆ ಬಂದರು. 2022ರ ಜೂನ್ ತಿಂಗಳಲ್ಲಿ ಕನ್ನಡಕ ಬದಲಿಸಲೆಂದು ಹೋದಾಗ ವೈದ್ಯರು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರವನ್ನು ಮೆಲ್ಲಮೆಲ್ಲನೆ ಹಾಳುಮಾಡುವ ರೋಗವಿದು. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಮೊದಲು ಮಸುಕಾಗುವುದು ಅಂಚಿನ ನೋಟವಾದುದರಿಂದ, ಎದುರಿಗಿರುವ ಪತ್ರಿಕೆಯನ್ನು ಓದಬಲ್ಲ ರೋಗಿಗೆ ತನ್ನ ನಷ್ಟದ ಅರಿವೇ ಇರುವುದಿಲ್ಲ. ಎರಡು ಬಗೆಯ ಹನಿಗಳನ್ನು ಬರೆದುಕೊಟ್ಟ ವೈದ್ಯರು ನಾಲ್ಕು ತಿಂಗಳಿಗೆ ಮತ್ತೆ ಬರಹೇಳಿದರು. ಆ ಚೀಟಿಯನ್ನು ನಾನೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆನು.

ಅಕ್ಟೋಬರಿನಲ್ಲಿ ಶಾಖೆಯಲ್ಲಿ ಅರ್ಧವಾರ್ಷಿಕ ಲೆಕ್ಕದ ತಪಾಸಣೆ. ಅದರ ಬೆನ್ನಿಗೆ ದೀಪಾವಳಿ, ಮಗಳ ಪರೀಕ್ಷೆ. ಚೀಟಿಯ ಮೇಲೆ ಹಾಲಿನವನ ಲೆಕ್ಕ ಬಂದು ಕುಳಿತಿತು. ಅಂಗಡಿಯಲ್ಲಿ ಸಿಗಲಿಲ್ಲವೆಂದು ಒಂದು ಹನಿ ನಿಂತದ್ದು ಮತ್ತೆ ಆರಂಭವಾಗಲೇ ಇಲ್ಲ. ನಾವು ಪುನಃ ಆಸ್ಪತ್ರೆಯ ಮೆಟ್ಟಿಲೇರಿದ್ದು 2023ರ ಆಗಸ್ಟಿನಲ್ಲಿ. ಅದೂ ಅಮ್ಮನ ಎಡಭುಜ ಪದೇ ಪದೇ ಬಾಗಿಲ ಚೌಕಟ್ಟಿಗೆ ತಾಗತೊಡಗಿದ ಬಳಿಕ. ಹದಿನಾಲ್ಕು ತಿಂಗಳು ಕಳೆದಿದ್ದವು. ಹೋದ ದೃಷ್ಟಿ ಹಿಂದಿರುಗದು, ಉಳಿದುದನ್ನು ಕಾಯ್ದುಕೊಳ್ಳಿರಿ, ಎಂದರು ವೈದ್ಯರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂದು ಲೋಕಲ್ ಗಾಡಿಯಲ್ಲಿ ಬರುವಾಗ ನನ್ನನ್ನು ಕಾಡಿದ ವಿಚಾರವಿದು: ಇಪ್ಪತ್ತು ವರ್ಷಗಳ ಸೇವೆಯಲ್ಲಿ ಒಂದು ಹುಂಡಿಯ ಗಡುವನ್ನಾಗಲಿ, ಒತ್ತೆಯಿಟ್ಟ ಸರಕಿನ ವಿಮೆಯ ನವೀಕರಣವನ್ನಾಗಲಿ ನಾನು ತಪ್ಪಿಸಿದವನಲ್ಲ. ಸಾಲದ ಪತ್ರಗಳಿಗೆ ಮೂರು ವರ್ಷಗಳ ಕಾಲಮಿತಿಯುಂಟು. ಅಷ್ಟರೊಳಗೆ ಸಾಲಗಾರನಿಂದ ಬಾಕಿಯ ಒಪ್ಪಿಗೆಯನ್ನು ಬರೆಯಿಸಿಕೊಳ್ಳದಿದ್ದರೆ ನ್ಯಾಯಾಲಯದಲ್ಲಿ ಬ್ಯಾಂಕಿನ ಹಕ್ಕು ಬಿದ್ದುಹೋಗಬಹುದು. ಇವೆಲ್ಲ ನನ್ನ ನೆನಪಿನ ಬಲದಿಂದ ನಡೆದುವಲ್ಲ. ಅವುಗಳಿಗೆಂದೇ ಗಡುವಿನ ದಿನಚರಿಯಿತ್ತು. ಬೆಳಿಗ್ಗೆ ಅದನ್ನು ತೆರೆಯದೆ ಶಾಖೆಯ ಕೆಲಸ ಆರಂಭವಾಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಹಾಗೊಂದು ದಿನಚರಿ ಇರಲಿಲ್ಲ.

ಮನಸ್ಸಿನ ಈ ಸ್ವಭಾವವನ್ನು ಕುರಿತು ಪಂಡಿತರು ಬಹುಕಾಲದಿಂದ ಯೋಚಿಸಿದ್ದಾರೆ. ಬರ್ಲಿನ್ನಿನಲ್ಲಿ ಸಂಶೋಧನೆ ನಡೆಸಿದ ಬ್ಲೂಮಾ ಜೈಗಾರ್ನಿಕ್ ಎಂಬ ವಿದುಷಿ 1927ರಲ್ಲಿ, ಅರ್ಧಕ್ಕೆ ನಿಂತ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿಯುತ್ತವೆಂದು ಬರೆದರು. ಹಾಗಿದ್ದರೆ ಅಮ್ಮನ ಕಣ್ಣು ನನಗೆ ನೆನಪಾಗಬೇಕಿತ್ತಲ್ಲವೇ? ನೆನಪಾಗುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ರಾತ್ರಿ ಹನ್ನೊಂದಕ್ಕೆ, ಹಾಸಿಗೆಯಲ್ಲಿ, ಆಸ್ಪತ್ರೆಯ ಫೋನು ಯಾರೂ ಎತ್ತದ ವೇಳೆಯಲ್ಲಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ತಂಡವೊಂದು 57 ಮಂದಿ ತರುಣರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿ ನನಗೆ ಹಿಡಿಸಿತು. ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರಿಗೆ, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಮೊದಲೇ ನಿದ್ರೆ ಹತ್ತಿತಂತೆ. ಅವರು ಬರೆದುದು ಕಾಗದದ ಮೇಲೆ ಎಂಬುದನ್ನೂ ಹೇಳಬೇಕು.

ನಾನು ಮಾತ್ರ ಫೋನಿನಲ್ಲಿ ಕಾರ್ಯಪಟ್ಟಿಯ ಆ್ಯಪ್ ಒಂದನ್ನು ಹಾಕಿಕೊಂಡೆನು. ಟುಡೂಯಿಸ್ಟ್, ಮೈಕ್ರೋಸಾಫ್ಟ್ ಟು ಡು, ಗೂಗಲ್ ಟಾಸ್ಕ್ಸ್ ಮೊದಲಾದ ಹಲವು ಇವೆ; ಯಾವುದಾದರೂ ಆದೀತು. ಮೊದಲ ತಿಂಗಳು ನಗೆಪಾಟಲು. ಹೊಸ ಸೊಸೆಯ ಉತ್ಸಾಹದಿಂದ ಅರುವತ್ತು ನಾಲ್ಕು ಕೆಲಸಗಳನ್ನು ತುಂಬಿದೆನು. ಹದಿನೈದು ದಿನಗಳಲ್ಲಿ ಅವುಗಳಲ್ಲಿ ಮುಕ್ಕಾಲು ಪಾಲು ಗಡುವು ಮೀರಿ ಕೆಂಪಾದುವು, ನಾನು ಪಟ್ಟಿಯನ್ನು ತೆರೆಯುವುದನ್ನೇ ಬಿಟ್ಟೆನು. ಬಳಿಕ ಒಂದು ಭಾನುವಾರ ಕುಳಿತು ಅರ್ಧಕ್ಕಿಂತ ಹೆಚ್ಚನ್ನು ಅಳಿಸಿದೆನು. ‘ಅಮ್ಮನ ಕಣ್ಣು’ ಎಂದಿದ್ದುದನ್ನು ‘ಶನಿವಾರ 10ಕ್ಕೆ ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಪಡಿಸುವುದು’ ಎಂದು ತಿದ್ದಿದೆನು. ಮೊದಲನೆಯದು ಚಿಂತೆ, ಎರಡನೆಯದು ಕೆಲಸ.

ಪುನರಾವರ್ತನೆಯ ಸೌಲಭ್ಯವನ್ನು ಸ್ವಲ್ಪ ವಿವರಿಸಬೇಕು, ಎಡವುವುದು ಇಲ್ಲಿಯೇ. ಕೆಲವು ಕೆಲಸಗಳು ಪಂಚಾಂಗಕ್ಕೆ ಕಟ್ಟುಬಿದ್ದವು: ನವೆಂಬರಿನಲ್ಲಿ ಅಮ್ಮನ ಕುಟುಂಬ ಪಿಂಚಣಿಯ ಜೀವನ ಪ್ರಮಾಣಪತ್ರ, ರಾತ್ರಿ 9ರ ಹನಿ. ಇನ್ನು ಕೆಲವು, ಹಿಂದಿನ ಸಲ ಎಂದು ಮುಗಿಯಿತೋ ಅಂದಿನಿಂದ ಎಣಿಕೆಯಾಗತಕ್ಕವು. ಕಣ್ಣಿನ ಹನಿಯ ಎಷ್ಟೋ ಸೀಸೆಗಳನ್ನು ತೆರೆದ ನಾಲ್ಕು ವಾರಗಳಲ್ಲಿ ಎಸೆಯಬೇಕೆಂದು ಲೇಬಲ್ಲಿನ ಮೇಲೆಯೇ ಬರೆದಿರುತ್ತದೆ. ಎಣಿಕೆ ಆರಂಭವಾಗುವುದು ತೆರೆದ ದಿನದಿಂದ, ತಿಂಗಳ ಒಂದನೆಯ ತಾರೀಕಿನಿಂದಲ್ಲ. ಟುಡೂಯಿಸ್ಟಿನಂಥ ಆ್ಯಪ್‌ಗಳಲ್ಲಿ ಈ ಎರಡು ಬಗೆಗೂ ಬೇರೆ ಬೇರೆ ಏರ್ಪಾಡಿದೆ. ಎರಡು ಹನಿಗಳ ನಡುವೆ ಐದು ನಿಮಿಷಗಳಾದರೂ ಅಂತರವಿರಬೇಕಾದುದರಿಂದ ಅವನ್ನೂ ಎರಡು ಪ್ರತ್ಯೇಕ ಕೆಲಸಗಳಾಗಿಯೇ ಬರೆದಿದ್ದೇನೆ.

ಪಟ್ಟಿಯನ್ನು ಹೆಂಡತಿಯೊಡನೆಯೂ ಬೆಂಗಳೂರಿನಲ್ಲಿರುವ ತಮ್ಮನೊಡನೆಯೂ ಹಂಚಿಕೊಂಡಿದ್ದೇನೆ. ಬ್ಯಾಂಕಿನಲ್ಲಿ ಒಬ್ಬ ಬರೆದುದನ್ನು ಇನ್ನೊಬ್ಬ ಪರಿಶೀಲಿಸುವ ಪದ್ಧತಿಯಿದೆಯಲ್ಲ, ಅದೇ ಇದು. ಕೆಲವು ಫೋನುಗಳು ಬ್ಯಾಟರಿ ಉಳಿಸಲೆಂದು ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ, ಆಗ ಗಂಟೆ ಬಾರಿಸುವುದಿಲ್ಲ. ಸೆಟ್ಟಿಂಗಿನಲ್ಲಿ ಅದನ್ನು ಸರಿಪಡಿಸಬೇಕು. ಬ್ಯಾಂಕಿನವನಾಗಿ ಇನ್ನೊಂದು ಮಾತು: ಖಾತೆಯ ಸಂಖ್ಯೆ, ಪಿನ್, ಪಾಸ್‌ವರ್ಡುಗಳನ್ನು ದಯವಿಟ್ಟು ಈ ಪಟ್ಟಿಯಲ್ಲಿ ಬರೆಯಬೇಡಿ. ಆ್ಯಪ್‌ಗಳೂ ಅಮರವಲ್ಲ. ಬರ್ಲಿನ್ನಿನ ವಂಡರ್‌ಲಿಸ್ಟನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. 2020ರ ಮೇ ತಿಂಗಳಲ್ಲಿ ಅದು ಮುಚ್ಚಿತು. ಆದಕಾರಣ ಔಷಧಗಳ ಹೆಸರುಳ್ಳ ಕಾಗದವೊಂದು ಅಮ್ಮನ ಪೆಟ್ಟಿಗೆಯಲ್ಲಿ ಈಗಲೂ ಇದೆ.

2023ರ ಆ ಭೇಟಿಯ ನಂತರ ಒಂದು ತಪಾಸಣೆಯೂ ತಪ್ಪಿಲ್ಲ. ಎಡಗಣ್ಣು ಇದ್ದಂತೆಯೇ ಇದೆ, ಒತ್ತಡ ಹಿಡಿತದಲ್ಲಿದೆ. ರಾತ್ರಿ 9ಕ್ಕೆ ಗಂಟೆಯಾದೊಡನೆ ಅಮ್ಮ ಒಳಗಿನಿಂದ, “ಮಾಣಿ, ನಿನ್ನ ಮೇಲಧಿಕಾರಿ ಕೂಗಿದ” ಎನ್ನುತ್ತಾರೆ. ಹೋದ ತಿಂಗಳು ಅವರು ತಾವೇ ಒಂದು ಕೆಲಸವನ್ನು ಬರೆಯಿಸಿದರು: ಕಣ್ಣು ಕಾಣುತ್ತಿರುವಾಗ ಒಮ್ಮೆ ಊರಿನ ಮನೆಯನ್ನು ನೋಡಬೇಕು. ಅದಕ್ಕೆ ತಾರೀಕು ಹಾಕದೆ ಎರಡು ವಾರ ಬಿಟ್ಟಿದ್ದೆನು. ಈಗ ಹಾಕಿದ್ದೇನೆ. ರೈಲಿನ ಮುಂಗಡ ಕಾದಿರಿಸುವಿಕೆಯ ಅವಧಿಯನ್ನು 2024ರ ನವೆಂಬರಿನಿಂದ 120 ದಿನಗಳ ಬದಲು 60ಕ್ಕೆ ಇಳಿಸಿದ್ದಾರೆ. ಆದುದರಿಂದ ಹೊರಡುವ ದಿನಕ್ಕೆ 60 ದಿನ ಮೊದಲು, ಬೆಳಿಗ್ಗೆ 8ಕ್ಕೆ: ಮತ್ಸ್ಯಗಂಧ, ಠಾಣೆಯಿಂದ ಕುಂದಾಪುರಕ್ಕೆ, ಎರಡು ಟಿಕೇಟು, ಅಮ್ಮನಿಗೆ ಕೆಳಗಿನ ಬರ್ತ್.